ಅರ್ಜಿ ತುಂಬಿಟ್ಟಿದ್ದೇನೆ, ಕಳಿಸಲು ಕೈ ಬರುತ್ತಿಲ್ಲ

ನಡುಹಗಲು:

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಕೇಳಿಯೇಬಿಡೋಣ ಅನ್ನಿಸಿತು.

ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಹತ್ತು ವರ್ಷಕ್ಕಿಂತ ಜಾಸ್ತಿ ಕೆಲಸ ಮಾಡಿದ್ದೇನೆ. ಬೇರೊಂದು ಕಂಪನಿಯಲ್ಲಿ ಟೆಸ್ಟ್ ಮ್ಯಾನೇಜರ್ ಹುದ್ದೆ ಖಾಲಿ ಇದೆ. ನನಗೆ ಬೇಕು ಅಂತ ಎಷ್ಟೋ ಕಾಲದಿಂದ ಅಂದುಕೊಂಡಿದ್ದ ಕೆಲಸವೇ ಅದು. ಅರ್ಜಿ ಪೂರ್ತಿ ತುಂಬಿದ್ದೇನೆ, ರೆಸ್ಯೂಮೆ ಸೇರಿಸಿದ್ದೇನೆ. ಉಳಿದಿರುವುದು 'ಸಲ್ಲಿಸಿ' ಅನ್ನುವ ಗುಂಡಿ ಒತ್ತುವುದು ಮಾತ್ರ. ರಾತ್ರಿ ಲ್ಯಾಪ್‌ಟಾಪ್ ತೆಗೆಯುತ್ತೇನೆ, ಯಾವುದೋ ವಾಕ್ಯದಲ್ಲಿ ಒಂದು ಅಲ್ಪವಿರಾಮ ಹಾಕುತ್ತೇನೆ, ಇನ್ಯಾವುದರಲ್ಲೋ ಒಂದು ತೆಗೆಯುತ್ತೇನೆ, ನಾಳೆ ನೋಡೋಣ ಅಂತ ಮುಚ್ಚುತ್ತೇನೆ.

ಅವರು ಕೇಳಿರುವ ಅರ್ಹತೆಗಳಲ್ಲಿ ಹೆಚ್ಚಿನವು ನನಗಿವೆ. ಎರಡು ಇಲ್ಲ. ಕಣ್ಣು ಹೋಗುವುದು ಆ ಎರಡರ ಮೇಲೆಯೇ. ಈಗಿನ ಮ್ಯಾನೇಜರ್ ಹೊಗಳಿದರೆ 'ಇವರಿಗೆ ನನ್ನ ಅಸಲಿಯತ್ತು ಗೊತ್ತಿಲ್ಲ' ಅನ್ನಿಸುತ್ತದೆ. ಮೀಟಿಂಗ್‌ನಲ್ಲಿ ಪ್ರಶ್ನೆ ಟೈಪ್ ಮಾಡಿ ಅಳಿಸುತ್ತೇನೆ. ಐದು ನಿಮಿಷಕ್ಕೆ ಅದೇ ಪ್ರಶ್ನೆಯನ್ನು ಬೇರೆಯವರು ಕೇಳುತ್ತಾರೆ, ಎಲ್ಲರೂ 'ಒಳ್ಳೇ ಪ್ರಶ್ನೆ' ಅನ್ನುತ್ತಾರೆ.

ಕೇಳಬೇಕಾಗಿದ್ದು ಇಷ್ಟೇ. ಧೈರ್ಯ ಬರುವ ತನಕ ಕಾಯಬೇಕಾ? ಇಲ್ಲ ಭಯವನ್ನು ಜೊತೆಗಿಟ್ಟುಕೊಂಡೇ ನುಗ್ಗಬೇಕಾ? 'ನಿಮ್ಮಿಂದ ಆಗುತ್ತೆ' ಅಂತ ಮಾತ್ರ ಹೇಳಬೇಡಿ, ದಯವಿಟ್ಟು. ಅದನ್ನು ಮನೆಯವರು ದಿನಾ ಹೇಳುತ್ತಾರೆ.

ಮಳೆಬಿಲ್ಲು:

ನೀವು ಬೇಡ ಅಂದರೂ ಹೇಳುತ್ತೇನೆ, ನಿಮ್ಮಿಂದ ಆಗುತ್ತೆ! 😀

ಎಲ್ಲಾ ಇರುವುದು ಮನಸ್ಸಲ್ಲಿ. ಬೆಳಗ್ಗೆ ಎದ್ದು ಕನ್ನಡಿ ಮುಂದೆ ನಿಂತು 'ನಾನು ಮ್ಯಾನೇಜರ್' ಅಂತ ಗಟ್ಟಿಯಾಗಿ ಹೇಳಿಕೊಳ್ಳಿ. ಕಣ್ಣು ಮುಚ್ಚಿ ಆ ಕುರ್ಚಿಯಲ್ಲಿ ಕೂತಿರುವ ಹಾಗೆ ಕಲ್ಪಿಸಿಕೊಳ್ಳಿ. ಇಂಗ್ಲೆಂಡಿನ ಓಟಗಾರ ರೋಜರ್ ಬ್ಯಾನಿಸ್ಟರ್ ಕಥೆ ಗೊತ್ತಲ್ವಾ? ನಾಲ್ಕು ನಿಮಿಷದೊಳಗೆ ಒಂದು ಮೈಲಿ ಓಡುವುದು ಮನುಷ್ಯನಿಂದ ಆಗದ ಮಾತು ಅಂದಿದ್ದರು. ಅವನು ನಂಬಿದ, ಓಡಿದ. ಅವನು ಓಡಿದ್ದೇ ತಡ, ಎಲ್ಲರೂ ಓಡಲು ಶುರು ಮಾಡಿದರು.

ಓಟಗಾರ:

ಮಳೆಬಿಲ್ಲು ಅವರೇ, ಆ ಕಥೆ ಭಾಷಣಗಳಲ್ಲಿ ಉಬ್ಬಿ ಉಬ್ಬಿ ಎಲ್ಲಿಗೋ ಹೋಗಿದೆ. ಓಟದ ಹುಚ್ಚಿನವನಾಗಿ ಸ್ವಲ್ಪ ಇಳಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಬ್ಯಾನಿಸ್ಟರ್ ಓಡಿದ್ದು 1954ರ ಮೇ 6ರಂದು, ಆಕ್ಸ್‌ಫರ್ಡ್‌ನಲ್ಲಿ. 3 ನಿಮಿಷ 59.4 ಸೆಕೆಂಡು. ಒಬ್ಬನೇ ಕಣ್ಣು ಮುಚ್ಚಿ ನಂಬಿ ಓಡಿದ್ದಲ್ಲ. ಮೊದಲು ಕ್ರಿಸ್ ಬ್ರಾಷರ್, ಆಮೇಲೆ ಕ್ರಿಸ್ ಚಾಟವೇ, ಇಬ್ಬರೂ ಮುಂದೆ ಓಡಿ ವೇಗ ಹಿಡಿದುಕೊಟ್ಟರು. ಅವತ್ತು ಗಾಳಿ ಜೋರಾಗಿತ್ತು. ಪ್ರಯತ್ನ ಮಾಡುವುದಾ ಬೇಡವಾ ಅಂತ ಬ್ಯಾನಿಸ್ಟರ್ ಕೊನೆಯವರೆಗೂ ಮೀನಮೇಷ ಎಣಿಸುತ್ತಿದ್ದರು. ಗಾಳಿ ಇಳಿದ ಮೇಲೆಯೇ ಹೂಂ ಅಂದದ್ದು. ಅಂದರೆ ಅನುಮಾನ ಅವರಿಗೂ ಇತ್ತು.

46 ದಿನ ಆದ ಮೇಲೆ ಆಸ್ಟ್ರೇಲಿಯಾದ ಓಟಗಾರ ಜಾನ್ ಲ್ಯಾಂಡಿ ಆ ದಾಖಲೆ ಮುರಿದರು. ಬ್ಯಾನಿಸ್ಟರ್ ಓಡಿದ್ದನ್ನು ನೋಡಿ ದಿಢೀರನೆ ಬಂದ ನಂಬಿಕೆಯಿಂದ ಅಲ್ಲ. ಅದಕ್ಕೂ ಮೊದಲೇ ಲ್ಯಾಂಡಿ 4 ನಿಮಿಷ 2 ಸೆಕೆಂಡಿನ ಆಸುಪಾಸಿನಲ್ಲಿ ಮತ್ತೆ ಮತ್ತೆ ಓಡಿದ್ದರು.

ಈ ಕಥೆಯಿಂದ ನಡುಹಗಲು ಅವರು ಏನಾದರೂ ತೆಗೆದುಕೊಳ್ಳುವುದಾದರೆ ಮುಂದೆ ಓಡಿಕೊಟ್ಟ ಆ ಇಬ್ಬರನ್ನು ತೆಗೆದುಕೊಳ್ಳಲಿ. ನಿಮ್ಮ ಕಡೆ ಅಂಥವರು ಯಾರಿದ್ದಾರೆ? ಅದೇ ಹುದ್ದೆಯಲ್ಲಿರುವ ಗುರುತಿನವರು ಯಾರಾದರೂ?

ಹಳೇಪೆನ್ನು:

ಕಣ್ಣು ಮುಚ್ಚಿ ಕಲ್ಪಿಸಿಕೊಳ್ಳುವ ವಿಷಯಕ್ಕೆ ನನ್ನದೂ ಒಂದು ತಕರಾರು. ಗೇಬ್ರಿಯೆಲ್ ಓಟಿಂಗನ್ ಅನ್ನುವ ಮನಶ್ಶಾಸ್ತ್ರಜ್ಞೆ ಇದನ್ನೇ ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಅವರ ಒಂದು ಅಧ್ಯಯನ ನಿಮ್ಮ ವಿಷಯಕ್ಕೇ ಹೊಂದುತ್ತದೆ. ಪದವಿ ಮುಗಿಸಿ ಕೆಲಸ ಹುಡುಕುತ್ತಿದ್ದವರನ್ನು ಎರಡು ವರ್ಷ ಆದ ಮೇಲೆ ಮತ್ತೆ ಮಾತಾಡಿಸಿದರು. ಒಳ್ಳೇ ಕೆಲಸ ಸಿಕ್ಕಿದ ಹಾಗೆ ಸಿಹಿ ಸಿಹಿ ಕನಸು ಜಾಸ್ತಿ ಕಂಡವರು ಕಡಿಮೆ ಅರ್ಜಿ ಹಾಕಿದ್ದರು. ಅವರಿಗೆ ಸಿಕ್ಕ ಆಫರ್ ಕಡಿಮೆ, ಸಂಬಳವೂ ಕಡಿಮೆ.

ಕನಸಿನಲ್ಲೇ ಕುರ್ಚಿ ಸಿಕ್ಕಿಬಿಟ್ಟರೆ ಮೈ ಸಡಿಲವಾಗುತ್ತದೆ, ಎದ್ದು ಹೋಗುವ ಜರೂರು ಉಳಿಯುವುದಿಲ್ಲ. ಆದರೆ ಒಂದು ಮಾತು. 'ನನಗೆ ಸಿಗುವ ಸಾಧ್ಯತೆ ಇದೆ' ಅಂತ ಲೆಕ್ಕ ಹಾಕಿ ನಂಬಿದ್ದವರು ಚೆನ್ನಾಗಿಯೇ ಮಾಡಿದ್ದರು. ಆ ನಂಬಿಕೆ ಬೇರೆ, ಹಗಲುಗನಸು ಬೇರೆ.

ಆಕೆ ಹೇಳುವ ದಾರಿ ಸರಳ. ಬೇಕಾದದ್ದನ್ನು ನೆನೆಯಿರಿ, ತಕ್ಷಣವೇ ಅಡ್ಡ ಬರುವುದು ಏನು ಅಂತಲೂ ನೆನೆಯಿರಿ. ಎರಡನ್ನೂ ಒಟ್ಟಿಗೆ. ನಿಮಗೆ ಅಡ್ಡ ಬರುವುದು ಆ ಎರಡು ಅರ್ಹತೆ ಅಂತ ನೀವು ಅಂದುಕೊಂಡಿದ್ದೀರಿ. ಅಲ್ಲ ಅಂತ ನನ್ನ ಗುಮಾನಿ. ರಾತ್ರಿ ಹೊತ್ತು ಸುಸ್ತಾಗಿ ಕೂತು ಅಲ್ಪವಿರಾಮ ತಿದ್ದುತ್ತೀರಲ್ಲ, ಅದು ಅಡ್ಡ.

ಮಳೆಬಿಲ್ಲು:

ಆಯ್ತು ಮಾರಾಯ್ರೇ, ಕನ್ನಡಿ ವಾಪಸ್ ತಗೊಂಡೆ.

ಕೇಳುಗ:

ಆಪ್ತಸಮಾಲೋಚನೆ ನನ್ನ ವೃತ್ತಿ. ಒಬ್ಬರ ಸಮಸ್ಯೆಯನ್ನು ನಾಲ್ಕು ಪ್ಯಾರಾ ಓದಿ ಅಳೆಯಲು ಆಗುವುದಿಲ್ಲ, ಹಾಗಾಗಿ ಸಾಮಾನ್ಯವಾಗಿ ಹೇಳುತ್ತೇನೆ.

ನಡುಹಗಲು ಅವರೇ, ಲ್ಯಾಪ್‌ಟಾಪ್ ಮುಚ್ಚಿದ ಆ ಕ್ಷಣ ಹೇಗಿರುತ್ತದೆ? ಹಾಯ್ ಅನ್ನಿಸುತ್ತದೆ ಅಲ್ವಾ? ಎದೆ ಢವಢವ ನಿಲ್ಲುತ್ತದೆ, ಹೆಗಲು ಇಳಿಯುತ್ತದೆ. ಭಯ ಉಂಡು ಬೆಳೆಯುವುದು ಆ ನಿರಾಳವನ್ನೇ. 'ತಪ್ಪಿಸಿಕೊಂಡೆ, ಬಚಾವಾದೆ' ಅಂತ ಮೆದುಳು ಬರೆದುಕೊಳ್ಳುತ್ತದೆ. ಮುಂದಿನ ಸಲ ಇನ್ನೂ ಬೇಗ ತಪ್ಪಿಸಿಕೊಳ್ಳಲು ಹೇಳುತ್ತದೆ. ಕಳಿಸಿದ್ದರೆ ಏನಾಗುತ್ತಿತ್ತು ಅನ್ನುವುದು ಅದಕ್ಕೆ ತಿಳಿಯುವುದೇ ಇಲ್ಲ, ಯಾಕೆಂದರೆ ನೀವು ಯಾವತ್ತೂ ಕಳಿಸಲಿಲ್ಲ.

ಧೈರ್ಯ ಬರುವ ತನಕ ಕಾಯಬೇಕಾ ಅಂತ ಕೇಳಿದಿರಿ. ಇದಕ್ಕೆ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಅವರ ಕೆಲಸದಲ್ಲಿ ಒಳ್ಳೇ ಉತ್ತರವಿದೆ. 'ಇದು ನನ್ನ ಕೈಲಾಗುತ್ತದೆ' ಅನ್ನುವ ನಂಬಿಕೆ ಎಲ್ಲಿಂದ ಹುಟ್ಟುತ್ತದೆ ಅಂತ ಅವರು 1977ರಲ್ಲಿ ಬರೆದರು. ನಾವೇ ಮಾಡಿ ಗೆದ್ದ ಅನುಭವ, ನಮ್ಮಂಥವರು ಮಾಡುವುದನ್ನು ನೋಡುವುದು, ಬೇರೆಯವರ ಪ್ರೋತ್ಸಾಹದ ಮಾತು, ನಮ್ಮ ಮೈಯ ಸ್ಥಿತಿ. ಇವುಗಳಲ್ಲಿ ಗಟ್ಟಿ ಮೊದಲನೆಯದು. ಪ್ರೋತ್ಸಾಹದ ಮಾತು ಅಷ್ಟು ದೂರ ಬರುವುದಿಲ್ಲ. ಮನೆಯವರು ದಿನಾ ಹೇಳಿದರೂ ನಿಮಗೆ ನಾಟದೇ ಇರುವುದರಲ್ಲಿ ಆಶ್ಚರ್ಯವಿಲ್ಲ.

ಬಂಡೂರಾ ಹಾವಿಗೆ ವಿಪರೀತ ಹೆದರುವವರ ಜೊತೆ ಕೆಲಸ ಮಾಡಿದ್ದರು. ಹೆದರಬೇಡ ಅಂತ ಉಪದೇಶ ಮಾಡುತ್ತಾ ಕೂರಲಿಲ್ಲ. ಮೊದಲು ಬೇರೆಯವರು ಹಾವು ಹಿಡಿಯುವುದನ್ನು ದೂರದಿಂದ ನೋಡುವುದು. ಆಮೇಲೆ ಹತ್ತಿರ ಬರುವುದು. ಕೈಗವಸು ಹಾಕಿಕೊಂಡು ಮುಟ್ಟುವುದು. ಆಮೇಲೆ ಬರಿಗೈಯಲ್ಲಿ. ಪ್ರತಿ ಹೆಜ್ಜೆಯಲ್ಲೂ ಹೆದರಿಕೆ ಇತ್ತು. ಹೆದರಿಕೆ ಹೋದ ಮೇಲೆ ಮುಟ್ಟಿದ್ದಲ್ಲ, ಮುಟ್ಟುತ್ತಾ ಮುಟ್ಟುತ್ತಾ ಹೆದರಿಕೆ ಇಳಿದದ್ದು.

ಹಾಗಂತ ಭಯದ ಜೊತೆ ಕಣ್ಣುಮುಚ್ಚಿ ನುಗ್ಗಿ ಅಂತಲೂ ನಾನು ಹೇಳುವುದಿಲ್ಲ. ಭಯಕ್ಕೆ 0ಯಿಂದ 100ರ ತನಕ ಅಂಕ ಕೊಡುವ ಪದ್ಧತಿ ನಮ್ಮಲ್ಲಿದೆ. ಮೀಟಿಂಗ್‌ನಲ್ಲಿ ಟೈಪ್ ಮಾಡಿದ ಪ್ರಶ್ನೆ ಕಳಿಸುವುದಕ್ಕೆ ನಿಮ್ಮ ಅಂಕ ಎಷ್ಟು? ಬಾಯಿಬಿಟ್ಟು ಕೇಳುವುದಕ್ಕೆ? ಅರ್ಜಿಗೆ? ಸಂದರ್ಶನಕ್ಕೆ? ಬರೆದು ನೋಡಿ. ಮಧ್ಯದಲ್ಲಿ ಬರುವ ಯಾವುದಾದರೂ ಒಂದನ್ನು ಈ ವಾರ ಮಾಡಿ. ಮಾಡುವ ಮೊದಲು 'ಏನಾಗುತ್ತದೆ ಅಂತ ಹೆದರಿದ್ದೇನೆ' ಅನ್ನುವುದನ್ನು ಒಂದು ಸಾಲು ಬರೆದಿಡಿ. ಮಾಡಿದ ಮೇಲೆ ನಿಜಕ್ಕೂ ಏನಾಯಿತು ಅಂತ ಅದರ ಕೆಳಗೆ ಬರೆಯಿರಿ. ಬರೆಯದಿದ್ದರೆ ಮನಸ್ಸು ಮೋಸ ಮಾಡುತ್ತದೆ. ಚೆನ್ನಾಗಿ ಆದರೂ 'ಅದೃಷ್ಟ, ಬಿಡು' ಅಂದುಬಿಡುತ್ತದೆ.

ಇನ್ನೊಂದು. ನಾವು ಭಯಕ್ಕೆ ಊರುಗೋಲು ಕೊಡುತ್ತೇವೆ. ಮಾತಾಡಬೇಕಾದದ್ದನ್ನು ಪದ ಪದ ಬರೆದಿಟ್ಟು ಓದುವುದು, ಕ್ಯಾಮೆರಾ ಆಫ್ ಮಾಡಿ ಮಾತಾಡುವುದು, 'ಇದು ದಡ್ಡ ಪ್ರಶ್ನೆ ಇರಬಹುದು, ಆದರೂ' ಅಂತ ಶುರು ಮಾಡುವುದು. ಇಂಥವು ಇದ್ದಷ್ಟು ದಿನ, ಗೆದ್ದರೂ ಗೆದ್ದದ್ದು ಊರುಗೋಲಿನಿಂದ ಅನ್ನಿಸುತ್ತದೆ. ಒಂದೊಂದಾಗಿ ಬಿಡಿ.

ಸೀದಾಮಾತು:

ಎಲ್ಲರೂ ಭಯವನ್ನು ಓಡಿಸುವ ಗಡಿಬಿಡಿಯಲ್ಲಿದ್ದೀರಿ. ಭಯ ಹೇಳುವುದರಲ್ಲಿ ಸತ್ಯ ಇದೆಯಾ ಅಂತ ಯಾರೂ ಕೇಳಲಿಲ್ಲ.

ಆ ಎರಡು ಅರ್ಹತೆ ಯಾವುವು? ತಂಡ ನಡೆಸಿದ ಅನುಭವ ಬೇಕು ಅಂತ ಕೇಳಿ, ನಿಮಗೆ ಅದು ಚೂರೂ ಇಲ್ಲದಿದ್ದರೆ, 'ನನಗಾಗುತ್ತಾ' ಅನ್ನುವ ಅನುಮಾನ ನ್ಯಾಯವೇ. ಅದನ್ನು ಆತ್ಮವಿಶ್ವಾಸದ ಕೊರತೆ ಅಂತ ಕರೆದು ಸಮಾಧಾನ ಹೇಳುವುದು ಸುಳ್ಳು. ಅದಕ್ಕೆ ಮದ್ದು ಕಲಿಯುವುದು. 'ಗೊತ್ತಿಲ್ಲ' ಅನ್ನುವುದನ್ನೂ 'ಹೆದರಿಕೆ' ಅನ್ನುವುದನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆಯಿರಿ. ಮೊದಲನೆಯದಕ್ಕೆ ಕೆಲಸ ಇದೆ, ತಾರೀಕು ಹಾಕಬಹುದು. ಎರಡನೆಯದಕ್ಕೆ ಕೇಳುಗ ಅವರು ಹೇಳಿದ ದಾರಿ.

ಇನ್ನು 'ಅಸಲಿಯತ್ತು ಗೊತ್ತಿಲ್ಲ' ಅಂದಿರಲ್ಲ. ಇದಕ್ಕೊಂದು ಹೆಸರೇ ಇದೆ, ಇಂಪೋಸ್ಟರ್ (ಸೋಗು ಹಾಕಿದವರು) ಅಂತ ಈಗ ಎಲ್ಲರ ಬಾಯಲ್ಲೂ ಇದೆ. 1978ರಲ್ಲಿ ಪಾಲಿನ್ ಕ್ಲಾನ್ಸ್, ಸುಜಾನ್ ಐಮ್ಸ್ ಅನ್ನುವ ಮನಶ್ಶಾಸ್ತ್ರಜ್ಞೆಯರು ಇಬ್ಬರೂ ಸೇರಿ ಬರೆದ ಲೇಖನದಿಂದ ಶುರುವಾದದ್ದು. ಅವರು ನೋಡಿದ್ದು ಓದಿನಲ್ಲೂ ಕೆಲಸದಲ್ಲೂ ಹೆಸರು ಮಾಡಿದ 150ಕ್ಕೂ ಹೆಚ್ಚು ಹೆಂಗಸರನ್ನು. ಅಷ್ಟು ಸಾಧಿಸಿದ ಮೇಲೂ 'ನಾವು ಜನರಿಗೆ ಟೋಪಿ ಹಾಕುತ್ತಿದ್ದೇವೆ' ಅನ್ನುವ ಭಾವ ಅವರಿಗಿತ್ತು. ಲೇಖನ ಬರೆದವರು ಅದನ್ನು ರೋಗ ಅಂತ ಕರೆಯಲಿಲ್ಲ, ಸಿಂಡ್ರೋಮ್ ಅನ್ನುವ ಬಾಲ ಆಮೇಲೆ ಅಂಟಿಕೊಂಡಿತು.

ಇದಕ್ಕೆ ಬಂದಿರುವ ಒಂದು ಟೀಕೆ ನನಗೆ ಸರಿ ಅನ್ನಿಸುತ್ತದೆ. ಬಾಯಿ ತೆರೆದಾಗಲೆಲ್ಲ ಮಾತು ಕತ್ತರಿಸುವ ಜಾಗದಲ್ಲಿ ಹತ್ತು ವರ್ಷ ಕೂತರೆ ಯಾರಿಗಾದರೂ ತಮ್ಮ ಮೇಲೆ ಅನುಮಾನ ಬರುತ್ತದೆ. ಆಗ ಸರಿಯಾಗಬೇಕಾದದ್ದು ಕೂತವರಲ್ಲ, ಜಾಗ. ನಿಮ್ಮ ಆಫೀಸು ಹೇಗಿದೆ?

ನಡುಹಗಲು:

ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಥ್ಯಾಂಕ್ಸ್.

ಸೀದಾಮಾತು ಸರ್, ಆಫೀಸಿನಲ್ಲಿ ಮಾತು ಕತ್ತರಿಸುವವರು ಒಬ್ಬರಿದ್ದಾರೆ, ಉಳಿದವರು ಒಳ್ಳೆಯವರೇ. ನನ್ನಲ್ಲಿಲ್ಲದ ಅರ್ಹತೆಗಳಲ್ಲಿ ಒಂದು ಬಜೆಟ್ ನಿಭಾಯಿಸುವುದು. ಅದು ಪೂರ್ತಿ 'ಗೊತ್ತಿಲ್ಲ' ಕಾಲಂ. ಇನ್ನೊಂದು ತಂಡ ನಡೆಸಿದ ಅನುಭವ. ಹೆಸರಿಗೆ ನಾನು ಲೀಡ್ ಅಲ್ಲ. ಆದರೆ ಹೊಸದಾಗಿ ಸೇರಿದವರನ್ನೆಲ್ಲ ನನ್ನ ಹತ್ತಿರವೇ ಕಳಿಸುತ್ತಾರೆ. ಅವರ ಕೆಲಸ ಹಂಚುವುದು, ನೋಡುವುದು, ತಪ್ಪಾದಾಗ ಜೊತೆಗೆ ಕೂರುವುದು ಎಲ್ಲಾ ನಾನೇ. ಇದನ್ನು ಬರೆಯುವಾಗಲೇ ಗೊತ್ತಾಗುತ್ತಿದೆ, ರೆಸ್ಯೂಮೆಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ಓಟಗಾರ ಅವರೇ, ಹಿಂದೆ ಜೊತೆಗೆ ಕೆಲಸ ಮಾಡಿದ ಒಬ್ಬರು ಈಗ ಇಂಥದ್ದೇ ಹುದ್ದೆಯಲ್ಲಿದ್ದಾರೆ. ಫೋನ್ ಮಾಡಬಹುದು.

ಕೇಳುಗ ಮೇಡಂ, ಅಂಕ ಹಾಕಿದೆ. ಅರ್ಜಿ ಕಳಿಸುವುದು 60, ಸಂದರ್ಶನ 95! ಧ್ವನಿ ನಡುಗುತ್ತದೆ, ಬಾಯಿ ಒಣಗುತ್ತದೆ. ಅದು ಎದುರಿಗಿರುವವರಿಗೆ ಗೊತ್ತಾಗುತ್ತದಲ್ಲ ಅನ್ನುವುದೇ ದೊಡ್ಡ ಭಯ.

ಎರಡನೇಬೆಂಚು:

ಮೇಜಿನ ಆ ಕಡೆ ಕೂರುವವನು ನಾನು. ಸಂದರ್ಶನ ಮಾಡುವುದು ನನ್ನ ಕೆಲಸದ ಒಂದು ಭಾಗ. ಅಲ್ಲಿಂದ ಏನು ಕಾಣುತ್ತದೆ ಅಂತ ಹೇಳುತ್ತೇನೆ.

ಅಭ್ಯರ್ಥಿ ಮಾತಾಡುವಾಗ ನಮ್ಮ ಅರ್ಧ ಗಮನ ಮುಂದಿನ ಪ್ರಶ್ನೆ ಏನು ಅನ್ನುವುದರ ಮೇಲೆ. ಕಾಲು ಗಮನ ಗಡಿಯಾರದ ಮೇಲೆ. ಮೊದಲ ಐದು ನಿಮಿಷ ಧ್ವನಿ ನಡುಗುವುದು ಎಷ್ಟು ಸಾಮಾನ್ಯ ಅಂದರೆ ಅದನ್ನು ಬರೆದುಕೊಳ್ಳುವವರನ್ನು ನಾನು ನೋಡಿಲ್ಲ. ನಾವು ಬರೆದುಕೊಳ್ಳುವುದು 'ಉದಾಹರಣೆ ಕೊಟ್ಟರು', 'ಕೇಳಿದ್ದಕ್ಕೆ ಉತ್ತರ ಬರಲಿಲ್ಲ', 'ಬೇರೆಯವರ ಮೇಲೆ ತಪ್ಪು ಹೊರಿಸಿದರು' ಇಂಥವು.

ಇದರ ಮೇಲೆ ಒಂದು ತಮಾಷೆಯ ಪ್ರಯೋಗವೂ ಆಗಿದೆ. ಮನಶ್ಶಾಸ್ತ್ರಜ್ಞ ಥಾಮಸ್ ಗಿಲೊವಿಚ್ ಮತ್ತು ಜೊತೆಯವರು 2000ದಲ್ಲಿ ಪ್ರಕಟಿಸಿದ್ದು. ವಿದ್ಯಾರ್ಥಿಗೆ ಮುಜುಗರ ಆಗುವಂಥ, ಗಾಯಕ ಬ್ಯಾರಿ ಮ್ಯಾನಿಲೋ ಮುಖ ಇರುವ ಟೀ ಶರ್ಟ್ ಹಾಕಿಸಿ ಜನ ಕೂತಿದ್ದ ಕೋಣೆಯೊಳಗೆ ಕಳಿಸಿದರು. ಆಮೇಲೆ ಕೇಳಿದರು, ಎಷ್ಟು ಜನ ಶರ್ಟ್ ಗಮನಿಸಿರಬಹುದು ಅಂತ. ಹೆಚ್ಚುಕಡಿಮೆ ಅರ್ಧದಷ್ಟು ಜನ ಅಂತ ಅಂದಾಜು ಬಂತು. ನಿಜಕ್ಕೂ ಗಮನಿಸಿದ್ದವರು ಕಾಲು ಭಾಗದಷ್ಟು. ನಮ್ಮ ಮೇಲೆ ದೀಪ ಬಿದ್ದಿದೆ ಅಂತ ನಾವು ಅಂದುಕೊಳ್ಳುವಷ್ಟು ಬಿದ್ದಿರುವುದಿಲ್ಲ.

ನಡುವೆ ತಲೆ ಖಾಲಿಯಾದರೆ 'ಒಂದು ನಿಮಿಷ ಯೋಚಿಸಿ ಹೇಳಲಾ?' ಅಂತ ಕೇಳಿ. ನೀರು ಕುಡಿಯಿರಿ. ಅದರಿಂದ ಅಂಕ ಹೋಗುವುದಿಲ್ಲ. ಅಂಕ ಹೋಗುವುದು ಗಾಬರಿಯಲ್ಲಿ ಏನೋ ಒಂದು ಹೇಳಿ, ಅದನ್ನು ಸಮರ್ಥಿಸಲು ಹೋದಾಗ.

ಓಟಗಾರ:

ಮೈ ನಡುಕದ ಬಗ್ಗೆ ಒಂದು ಸಣ್ಣ ಸೇರ್ಪಡೆ. ಓಟದ ಗೆರೆಯ ಮೇಲೆ ನಿಂತಾಗ ಎದೆ ಹೊಡೆದುಕೊಳ್ಳುವುದೂ, ಭಯಕ್ಕೆ ಹೊಡೆದುಕೊಳ್ಳುವುದೂ ಮೈಗೆ ಹೆಚ್ಚುಕಡಿಮೆ ಒಂದೇ. ಎದೆ ಬಡಿತ ಏರಿಸುವ ಅಡ್ರಿನಲಿನ್ ಅನ್ನುವ ಹಾರ್ಮೋನಿಗೆ ಎರಡರ ವ್ಯತ್ಯಾಸ ಗೊತ್ತಿಲ್ಲ. ಆಲಿಸನ್ ವುಡ್ ಬ್ರೂಕ್ಸ್ ಅನ್ನುವ ಸಂಶೋಧಕಿ 2014ರಲ್ಲಿ ಇದನ್ನು ಪರೀಕ್ಷಿಸಿದ್ದರು. ಹಾಡು, ಭಾಷಣ, ಲೆಕ್ಕದ ಪರೀಕ್ಷೆಗಳಿಗೆ ಮೊದಲು 'ಶಾಂತವಾಗಿರು' ಅಂತ ಹೇಳಿಕೊಂಡವರಿಗಿಂತ 'ನಾನು ಹುರುಪಿನಲ್ಲಿದ್ದೇನೆ' ಅಂತ ಹೇಳಿಕೊಂಡವರು ಚೆನ್ನಾಗಿ ಮಾಡಿದರು.

ಸೀದಾಮಾತು:

ಕನ್ನಡಿ ಹಿಂಬಾಗಿಲಿನಿಂದ ವಾಪಸ್ ಬಂತು ನೋಡಿ 😀

ಓಟಗಾರ:

ಬರಲಿ ಬಿಡಿ. 'ನಾನು ಮ್ಯಾನೇಜರ್' ಅನ್ನುವುದು ಇನ್ನೂ ಆಗದೇ ಇರುವ ಮಾತು. 'ಎದೆ ಹೊಡೆದುಕೊಳ್ಳುತ್ತಿದೆ, ಮೈ ತಯಾರಾಗುತ್ತಿದೆ' ಅನ್ನುವುದು ಆಗುತ್ತಿರುವ ಮಾತು. ಅಷ್ಟು ವ್ಯತ್ಯಾಸ ಇದೆ. ಪವಾಡ ಅಂತ ನಾನೂ ಹೇಳುತ್ತಿಲ್ಲ.

ಹಳೇಪೆನ್ನು:

ಎಲ್ಲರೂ ಪ್ರಯೋಗ ಹೇಳುತ್ತಿದ್ದೀರಿ, ನಾನೊಂದು ನಡೆದ ವಿಷಯ ಹೇಳುತ್ತೇನೆ. ಬ್ಯಾರಿಸ್ಟರ್ ಆಗಿ ಬಂದ ಗಾಂಧಿ ಮುಂಬೈಯ ಸಣ್ಣ ಕೋರ್ಟಿನಲ್ಲಿ ಮೊದಲ ಕೇಸಿಗೆ ಎದ್ದು ನಿಂತಾಗ ಬಾಯಿಂದ ಒಂದು ಪ್ರಶ್ನೆಯೂ ಹೊರಡಲಿಲ್ಲ. ತಲೆ ತಿರುಗಿತು. ಕೇಸು ನಡೆಸಲು ನನ್ನಿಂದಾಗದು, ಬೇರೆ ವಕೀಲರನ್ನು ನೋಡಿ ಅಂತ ಹೇಳಿ ಫೀಸು ವಾಪಸ್ ಕೊಟ್ಟು ಹೊರಬಂದರು. ಇದನ್ನು ಅವರೇ ಬರೆದುಕೊಂಡಿದ್ದಾರೆ.

ಎಲ್ಲರೂ ಇಲ್ಲಿಂದ ಸೀದಾ 'ಆದರೂ ಮುಂದೆ ಮಹಾತ್ಮರಾದರು' ಅಂತ ಜಿಗಿಯುತ್ತಾರೆ. ನನಗೆ ಕುತೂಹಲ ಮಧ್ಯದ್ದು. ಅವರು ರಾಜ್‌ಕೋಟ್‌ಗೆ ಹೋಗಿ ಅರ್ಜಿ, ಮನವಿ ಬರೆದುಕೊಡುವ ಕೆಲಸ ಹಿಡಿದರು. ನಿಂತು ವಾದಿಸಬೇಕಾಗಿಲ್ಲದ ಕೆಲಸ ಅದು. ಅಂದರೆ ವಕಾಲತ್ತು ಬಿಡಲಿಲ್ಲ, ಮೆಟ್ಟಿಲು ಇಳಿಸಿಕೊಂಡರು. 1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದರು. ಅಲ್ಲಿನ ಭಾರತೀಯರಿಗೆ ಆಗುತ್ತಿದ್ದ ಅವಮಾನ ಕಣ್ಣಾರೆ ಕಂಡ ಮೇಲೆ ಪ್ರಿಟೋರಿಯಾದಲ್ಲಿ ಸಭೆ ಸೇರಿಸಿ ಮಾತಾಡಿದರು. ಅದನ್ನು ಅವರು ತಮ್ಮ ಬಾಳಿನ ಮೊದಲ ಸಾರ್ವಜನಿಕ ಭಾಷಣ ಅಂತಲೇ ಲೆಕ್ಕ ಹಾಕುತ್ತಾರೆ. 'ನಾನು ಹೇಗೆ ಕಾಣುತ್ತೇನೆ' ಅನ್ನುವುದರ ಜಾಗದಲ್ಲಿ 'ಇವರಿಗೆ ಇದನ್ನು ಹೇಳಬೇಕು' ಅನ್ನುವುದು ಬಂದು ಕೂತಿತ್ತು ಅಂತ ನನಗನ್ನಿಸುತ್ತದೆ.

ಹೊಸಬ:

ನಡುವೆ ಬಾಯಿ ಹಾಕುತ್ತಿದ್ದೇನೆ. ನನಗೂ ಇದೇ ಥರ. ಸಂದರ್ಶನದ ಮೊದಲು ಪ್ರೊಪ್ರನೊಲಾಲ್ ಮಾತ್ರೆ ತಗೊಂಡರೆ ನಡುಕ ನಿಲ್ಲುತ್ತದೆ ಅಂತ ಗೆಳೆಯ ಹೇಳಿದ. ಅವನ ಹತ್ತಿರ ಇದೆಯಂತೆ. ತಗೋಬಹುದಾ?

ಕೇಳುಗ:

ಗೆಳೆಯನ ಮಾತ್ರೆ ಬೇಡ. ಅದು ಹೃದಯದ ಬಡಿತ ಇಳಿಸುವ ಔಷಧಿ. ಅಸ್ತಮಾ ಇರುವವರಿಗೆ ಅಪಾಯ, ಬಿಪಿ ಕಡಿಮೆ ಇರುವವರಿಗೂ ತೊಂದರೆ. ವೈದ್ಯರು ನಿಮ್ಮನ್ನು ನೋಡಿ ಬರೆದುಕೊಟ್ಟರೆ ಮಾತ್ರ. ಅದು ಕೈನಡುಕ ಇಳಿಸಬಹುದು, 'ನನಗೆ ಯೋಗ್ಯತೆ ಇಲ್ಲ' ಅನ್ನುವ ಯೋಚನೆಯನ್ನು ಇಳಿಸುವುದಿಲ್ಲ.

ಇದನ್ನು ಓದುತ್ತಿರುವ ಬೇರೆಯವರಿಗೂ ಹೇಳುತ್ತೇನೆ. ವಾರಗಟ್ಟಲೆ ನಿದ್ದೆ ಇಲ್ಲ, ಇದ್ದಕ್ಕಿದ್ದಂತೆ ಉಸಿರು ಕಟ್ಟಿ ಸತ್ತೇಹೋಗುತ್ತೇನೆ ಅನ್ನಿಸುತ್ತದೆ, ಮನೆಯಿಂದ ಹೊರಗೆ ಹೋಗುವುದೇ ಬಿಟ್ಟುಹೋಗಿದೆ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಅದು ಇಲ್ಲಿ ಮಾತಾಡಿ ಮುಗಿಸುವ ವಿಷಯ ಅಲ್ಲ. ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಇದಕ್ಕೆ ಚಿಕಿತ್ಸೆ ಇದೆ, ಕೆಲಸವೂ ಮಾಡುತ್ತದೆ.

ಹೊಸಬ:

ಚಿಕ್ಕಂದಿನಲ್ಲಿ ಅಸ್ತಮಾ ಇತ್ತು ನನಗೆ. ಕೇಳಿದ್ದು ಒಳ್ಳೇದಾಯ್ತು.

ನಡುಹಗಲು:

ಇವತ್ತು ಹಳೇ ಸಹೋದ್ಯೋಗಿಗೆ ಫೋನ್ ಮಾಡಿದ್ದೆ. ಬಜೆಟ್ ಅಂದರೆ ಅವರ ಕಡೆ ವರ್ಷಕ್ಕೊಮ್ಮೆ ಎಷ್ಟು ಜನ ಬೇಕು, ಯಾವ ಟೂಲ್‌ಗೆ ಎಷ್ಟು ಅಂತ ಒಂದು ಶೀಟ್ ಮಾಡುವುದಂತೆ. ಮೊದಲ ವರ್ಷ ಅವರಿಗೂ ಫೈನಾನ್ಸ್‌ನವರು ಪಕ್ಕದಲ್ಲಿ ಕೂತು ಹೇಳಿಕೊಟ್ಟರಂತೆ. ನಾನು ಇದನ್ನು ಏನೋ ದೊಡ್ಡ ಭೂತ ಅಂದುಕೊಂಡಿದ್ದೆ.

ರೆಸ್ಯೂಮೆಗೆ ಹೊಸಬರನ್ನು ತಯಾರು ಮಾಡಿದ್ದರ ಬಗ್ಗೆ ಮೂರು ಸಾಲು ಸೇರಿಸಿದೆ. ಆದರೂ ಬಜೆಟ್ ಬಗ್ಗೆ ನೇರವಾಗಿ ಕೇಳಿದರೆ ಏನು ಹೇಳಲಿ? ಸುತ್ತಿ ಬಳಸಿ ಮಾತಾಡಲು ನನಗೆ ಬರುವುದಿಲ್ಲ.

ಎರಡನೇಬೆಂಚು:

ಸುತ್ತಿ ಬಳಸಲೇಬೇಡಿ, ಅದು ನಮಗೆ ತಕ್ಷಣ ಗೊತ್ತಾಗುತ್ತದೆ. 'ಬಜೆಟ್ ನಾನು ಸ್ವತಂತ್ರವಾಗಿ ಮಾಡಿಲ್ಲ. ಒಂದು ರಿಲೀಸ್‌ಗೆ ಎಷ್ಟು ಜನ, ಎಷ್ಟು ದಿನ ಬೇಕು ಅನ್ನುವ ಅಂದಾಜು ಮಾಡಿದ್ದೇನೆ, ಇಂಥ ಪ್ರಾಜೆಕ್ಟಿನಲ್ಲಿ ಹೀಗೆ ಮಾಡಿದೆ.' ಅಷ್ಟು ಹೇಳಿ ನಿಲ್ಲಿಸಿ. ಅಂದಾಜು ಮಾಡಿರುತ್ತೀರಿ, ಹತ್ತು ವರ್ಷ ಟೆಸ್ಟಿಂಗ್‌ನಲ್ಲಿದ್ದವರು ಮಾಡದೇ ಇರಲು ಸಾಧ್ಯವಿಲ್ಲ. ಮುಂದಿನದನ್ನು ಅವರು ಕೇಳುತ್ತಾರೆ.

ಹಳೇಪೆನ್ನು:

ರಾತ್ರಿ ಕೂರುವುದನ್ನೂ ಬದಲಾಯಿಸಿ. ಪೀಟರ್ ಗೋಲ್ವಿಟ್ಜರ್ ಅನ್ನುವ ಮನಶ್ಶಾಸ್ತ್ರಜ್ಞರ ಅಧ್ಯಯನ ಇದೆ. 'ಕಳಿಸಬೇಕು' ಅಂತ ನಿರ್ಧರಿಸುವುದಕ್ಕಿಂತ 'ಇಂಥ ಹೊತ್ತಿಗೆ, ಇಂಥ ಜಾಗದಲ್ಲಿ, ಇದಾದ ಕೂಡಲೇ ಇದನ್ನು ಮಾಡುತ್ತೇನೆ' ಅಂತ ಬರೆದಿಟ್ಟವರು ಜಾಸ್ತಿ ಮಾಡಿ ಮುಗಿಸುತ್ತಾರೆ. ನಿಮ್ಮದು ಹೀಗಿರಬಹುದು: ಬೆಳಗ್ಗೆ ಲ್ಯಾಪ್‌ಟಾಪ್ ತೆಗೆದ ಕೂಡಲೇ, ಮೇಲ್ ನೋಡುವ ಮೊದಲು ಅರ್ಜಿ ಕಳಿಸುತ್ತೇನೆ. ಅಲ್ಪವಿರಾಮ ತಿದ್ದಬೇಕು ಅನ್ನಿಸಿದರೆ ಕೈಯನ್ನು ಸಲ್ಲಿಸು ಗುಂಡಿಯ ಮೇಲೆ ಇಡುತ್ತೇನೆ.

ಸೀದಾಮಾತು:

ಎಲ್ಲಾ ಸರಿ. ಅರ್ಜಿಗೆ ಕೊನೇ ದಿನ ಯಾವಾಗ? ಅದನ್ನು ಹೇಳೇ ಇಲ್ಲ ನೀವು.

ನಡುಹಗಲು:

ಶುಕ್ರವಾರ.

ಸೀದಾಮಾತು:

ಹಾಗಾದರೆ ಬುಧವಾರ ಬೆಳಗ್ಗೆ ಅಂತ ಬರೆದಿಡಿ. ಕೊನೇ ದಿನ ಅವರ ವೆಬ್‌ಸೈಟ್ ಕೈಕೊಡುತ್ತದೆ, ಅದರ ಬಗ್ಗೆ ನಿಮ್ಮಂಥ ಟೆಸ್ಟರ್‌ಗೆ ನಾನು ಹೇಳಬೇಕಾಗಿಲ್ಲ.